ವಾದ ಮಾಡಬೇಡಿ ಎಂದವಳಿಗೆ

ಗುರುವಾರ,
ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಿಂದ

ಅಕ್ಕನಿಗೆ,

‘ಪ್ರೀತಿಯ’ ಎಂಬ ಮಾತನ್ನು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಫೋನ್ ಮಾಡಿದರೆ ನೀನು ಅಳಲು ಶುರುಮಾಡುತ್ತೀಯ, ನಾನು ಮಾತು ಹೊರಡದೆ ನಿಲ್ಲುತ್ತೇನೆ, ಕೊನೆಗೆ ಬಂಧುಬಳಗಕ್ಕೆಲ್ಲ ಕಲ್ಲೆದೆಯವಳು ನಾನೇ. ಅದಕ್ಕೇ ಈ ಕಾಗದ. ಮಧ್ಯೆ ಬಾಯಿ ಹಾಕದೆ ಓದು.

ನಾವಿಬ್ಬರೂ ಬಿಟ್ಟಿ ದುಡಿಯುವ ಆ ಆನ್‌ಲೈನ್ ವಿಶ್ವಕೋಶಕ್ಕೆ ನನ್ನನ್ನು ಸೇರಿಸಿದವಳು ನೀನೇ, ಒಪ್ಪುತ್ತೇನೆ. ನೀನು ಸಿನಿಮಾ ನಟಿಯರ ಬಗ್ಗೆ ಬರೆದು ಎಲ್ಲರ ಮೆಚ್ಚಿನ ‘ಅಕ್ಕ’ ಆದೆ. ನಾನು ಹಗಲೆಲ್ಲ ಇಲ್ಲಿ ಲೆನ್ಸು ಉಜ್ಜಿ, ಸಂಜೆ ಅಣಬೆಗಳ ಬಗ್ಗೆ ಬರೆದೆ. ಅಲ್ಲಿ ನನ್ನೊಡನೆ ಸದಾ ಕಾದಾಡುತ್ತಿದ್ದವನು ಒಬ್ಬ ಔಷಧಿ ಅಂಗಡಿಯವನು. ಮೊಸರಿನಲ್ಲಿ ಕಲ್ಲು ಹುಡುಕುವ ಅವನಿಗೆ ನಾನಿಟ್ಟ ಹೆಸರು ಕಲ್ಲಪ್ಪ. ನಾನು ಬರೆದದ್ದನ್ನು ಅಳಿಸುತ್ತಿದ್ದ, ‘ಆಧಾರ ಬೇಕು’ ಎಂದು ಗುರುತು ಅಂಟಿಸುತ್ತಿದ್ದ, ನಾನು ಪುಸ್ತಕ ತೋರಿಸಿದರೆ ‘ಸರಿ’ ಎಂದಷ್ಟೇ ಬರೆದು ಹೋಗುತ್ತಿದ್ದ. ಆ ಒಂದು ‘ಸರಿ’ಗಾಗಿ ನಾನು ಕಾಯುತ್ತಿದ್ದೆ. ಎದುರಿಗಿರುವವರ ಮುಖ ನೋಡಿ ಮಾತಿನ ಅರ್ಥ ಊಹಿಸುವ ಕಷ್ಟವಿಲ್ಲದ ಒಂದೇ ಜಾಗ ಅದು. ನಾನು ಅಲ್ಲಿ ಸುಖವಾಗಿದ್ದೆ.

ನಿನಗೆ ಅದು ಜಗಳದಂತೆ ಕಂಡಿತು. ನನ್ನನ್ನು ಒಂದು ಮಾತೂ ಕೇಳದೆ, ಎಲ್ಲರೂ ಓದುವ ಚರ್ಚೆಪುಟದಲ್ಲಿ ಡಂಗುರ ಹೊಡೆದೆ: “ನನ್ನ ತಂಗಿಗೆ ಆಟಿಸಂ ಇದೆ. ಪಾಪ, ಬೇಗ ಮನಸ್ಸಿಗೆ ಹಚ್ಕೋತಾಳೆ. ದಯವಿಟ್ಟು ಅವಳ ಜೊತೆ ಯಾರೂ ವಾದ ಮಾಡ್ಬೇಡಿ.”

ಪಾಪವಂತೆ! ಆ ಗುಂಪಿನಲ್ಲಿ ಎಲ್ಲರಂತೆ ಇರುವವರು ಯಾರು ಹೇಳು? ಒಬ್ಬಳು ವರ್ಷಗಳಿಂದ ಬಸ್ ನಿಲ್ದಾಣಗಳ ಪುಟ ಬಿಟ್ಟು ಬೇರೇನೂ ಮುಟ್ಟಿಲ್ಲ. ಇನ್ನೊಬ್ಬ ಆನ್‌ಲೈನ್ ಸಭೆಗೆ ಬಂದರೆ ಕ್ಯಾಮೆರಾವನ್ನು ಗೋಡೆಗೆ ತಿರುಗಿಸಿ ಕೂರುತ್ತಾನೆ. ಒಂದು ಅಲ್ಪವಿರಾಮಕ್ಕೆ ವಾರಗಟ್ಟಲೆ ಹೊಡೆದಾಡಿದವರಿದ್ದಾರೆ. ಇಂಥವರೇ ಸೇರಿ ಕಟ್ಟಿದ ಮನೆಯಲ್ಲಿ ನನ್ನೊಬ್ಬಳ ಬೆನ್ನಿಗೆ ಮಾತ್ರ ನೀನು ಚೀಟಿ ಅಂಟಿಸಿದೆ.

ಅಂದಿನಿಂದ ನಾನು ಏನು ಬರೆದರೂ ಹೂವಿನ ಚಿತ್ರ, ಶಭಾಷ್‌ಗಿರಿ. ಕಲ್ಲಪ್ಪನೂ ಬಾಲ ಮುದುರಿಕೊಂಡ. ಕಳೆದ ತಿಂಗಳು ಒಂದೇ ಪುಟದಲ್ಲಿ ಎರಡು ಅಣಬೆಗಳ ಚಿತ್ರ ಹಾಕಿದೆ, ಒಂದು ತಿನ್ನುವಂಥದ್ದು, ಇನ್ನೊಂದು ವಿಷದ್ದು. ಚಿತ್ರಗಳ ಕೆಳಗಿನ ಬರಹ ಅದಲುಬದಲಾಯಿತು. ತಪ್ಪು ನನ್ನದೇ. ಹಿಂದೆ ಆಗಿದ್ದರೆ ಕಲ್ಲಪ್ಪ ಸಂಜೆಯೊಳಗೆ ಅದನ್ನು ಹಿಡಿದು ನನಗೆ ಮಂಗಳಾರತಿ ಮಾಡಿರುತ್ತಿದ್ದ. ಈ ಸಲ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಒಬ್ಬ ಮೇಷ್ಟರು ಧನ್ಯವಾದ ಹೇಳಿ, ನನ್ನ ಪುಟ ನೋಡಿ ಮಕ್ಕಳು ಬರೆದ ಗೋಡೆಚಾರ್ಟಿನ ಫೋಟೋ ಹಾಕಿದಾಗಲೇ ನನ್ನ ಕಣ್ಣಿಗೆ ಬಿದ್ದದ್ದು. ವಿಷದ ಅಣಬೆಯ ಕೆಳಗೆ ದುಂಡಗಿನ ಅಕ್ಷರಗಳಲ್ಲಿ ‘ತಿನ್ನಬಹುದು’ ಎಂದಿತ್ತು. ತಕ್ಷಣ ಶಾಲೆಗೆ ಫೋನ್ ಮಾಡಿ ಆ ಚಾರ್ಟು ತೆಗೆಸಿದೆ, ಪುಟದ ಬರಹವನ್ನೂ ಸರಿಮಾಡಿದೆ.

ಕಲ್ಲಪ್ಪನನ್ನು ಕೇಳಿದೆ. “ಅನುಮಾನ ಬಂದಿತ್ತಮ್ಮ. ಆದ್ರೆ ನಿಮ್ಮಕ್ಕ ಹಾಗಂದ್ಮೇಲೆ ಹೇಗೆ ಕೆದಕೋದು ಅಂತ ಸುಮ್ಮನಾದೆ” ಎಂದ. ಅವನಿಗೂ ಚೆನ್ನಾಗಿ ಬಿಸಿ ಮುಟ್ಟಿಸಿದ್ದೇನೆ.

ನಿನ್ನ ಕರುಣೆ ಮಾಡಿದ ಕೆಲಸ ಇದು. ವಾದ ಮಾಡಬೇಡಿ ಎಂದರೆ ಇವಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ ಎಂದೇ ಅರ್ಥ. ಅದೇ ಪುಟದಲ್ಲಿ, ನಿನ್ನದೇ ಹೆಸರಿನಲ್ಲಿ, ‘ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ’ ಎಂದು ಬರೆ. ಅಲ್ಲಿಯವರೆಗೆ ನನ್ನ ಮನೆಯ ಬಾಗಿಲು ತಟ್ಟಬೇಡ.

ಇಂತಿ,
ಯಾರ ಕರುಣೆಯೂ ಬೇಡದ
ನಿನ್ನ ತಂಗಿ

ತಾ.ಕ.: ಅಂಚೆಗೆ ಹಾಕುವ ಮುನ್ನ ಈ ಕಾಗದದ ಫೋಟೋ ತೆಗೆದು, ತಪ್ಪು ಹುಡುಕು ಎಂದು ಕಲ್ಲಪ್ಪನಿಗೆ ಕಳಿಸಿದ್ದೆ. ದಾಕ್ಷಿಣ್ಯ ಮಾಡಿದರೆ ಅವನ ಜೊತೆಯೂ ಮಾತಿಲ್ಲ ಎಂದಿದ್ದೆ. ಅವನು ಮಾಡಲಿಲ್ಲ. ‘ನೀನು ನನ್ನನ್ನು ಯಾವತ್ತೂ ಪ್ರೀತಿಸಲಿಲ್ಲ’ ಎಂದು ಕೊನೆಯಲ್ಲಿ ಬರೆದಿದ್ದೆ. ಅದಕ್ಕೆ ಕೆಂಪು ಗೆರೆ ಎಳೆದು ‘ಆಧಾರ ಬೇಕು’ ಎಂದು ಗುರುತು ಹಾಕಿದ. ಹುಡುಕಿದೆ. ಶಾಲೆಯ ಗಂಟೆಯ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿಕೊಂಡಾಗಲೆಲ್ಲ, ನೀನು ನಿನ್ನ ತರಗತಿ ಬಿಟ್ಟು ಬಂದು ನನ್ನ ಪಕ್ಕ, ಬೆಂಚಿನ ಕೆಳಗೇ ಕೂರುತ್ತಿದ್ದದ್ದು ನೆನಪಾಯಿತು. ಆಧಾರ ಸಿಗಲಿಲ್ಲ. ಆ ವಾಕ್ಯ ತೆಗೆದು ಕಾಗದವನ್ನು ಮತ್ತೆ ಬರೆದಿದ್ದೇನೆ. ಉಳಿದದ್ದೆಲ್ಲ ಹಾಗೆಯೇ ಇದೆ.