ದೋಣಿಯ ಹಾಸಿಗೆಗೆ ನೀಲಿ ಬಟ್ಟೆ

ಇವಳೇ,

ಮೊದಲು ಇದನ್ನು ಪೂರ್ತಿ ಓದು, ಆಮೇಲೆ ಬೈಯಿ. ಇಂಜಿನ್ ಎಣ್ಣೆ ತರಲು ಹೋಗಿದ್ದೇನೆ. ಸೀಟು ಹೊಲಿಯುವವನು ಯಾವ ಬಟ್ಟೆಯೆಂದು ಕೇಳಲು ನಾಲ್ಕು ಗಂಟೆಗೆ ಮತ್ತೆ ಬರುತ್ತಾನೆ. ನಿನ್ನೆ ಬಂದವನು ದೋಣಿಯ ಕೋಣೆಯೊಳಗೆ ನನ್ನ ಗೊರಕೆ ಕೇಳಿ ಹಾಗೇ ವಾಪಸು ಹೋದನಂತೆ. "ಅಣ್ಣಾ, ನಿಮಗೆ ಬಟ್ಟೆ ಯಾಕೆ, ಬರೀ ಹಲಗೆ ಸಾಕಲ್ಲ" ಎಂದು ಫೋನಿನಲ್ಲಿ ಆಡಿಕೊಂಡ.

ಅವನಿಗೇನು ಗೊತ್ತು! ಅವನು ಮಾದರಿಗೆಂದು ಕೊಟ್ಟ ಮೂರು ತುಂಡುಗಳನ್ನೂ ಹಾಸಿ ಒಂದೊಂದರ ಮೇಲೆ ಮಲಗಿ ನೋಡುತ್ತಿದ್ದೆ. ನೀನು ಹಟ ಹಿಡಿದ ರೆಕ್ಸಿನ್ ಬೆವರಿಗೆ ಕೆನ್ನೆಗಂಟಿತು. ಉಣ್ಣೆಯದು ಚುಚ್ಚಿತು. ನೀಲಿ ಹತ್ತಿ ಬಟ್ಟೆಯ ಮೇಲೆ ತಲೆಯಿಟ್ಟದ್ದಷ್ಟೇ ನೆನಪು. ದೋಣಿ ತಾನೇ ಹಗ್ಗ ಬಿಚ್ಚಿಕೊಂಡು, ಇಂಜಿನ್ನಿನ ಸದ್ದಿಲ್ಲದೆ ತೇಲುತ್ತಿತ್ತು. ಕಿಟಕಿಯ ಬೆಳಕು ನೀರಿನ ಹಾಗೆ ಚಾವಣಿಯ ಮೇಲೆ ಹರಿಯುತ್ತಿತ್ತು. ನೀನು ಪಕ್ಕದಲ್ಲಿ ಮಲಗಿದ್ದೆ, ಒಂದು ಮಾತೂ ಬೈಯದೆ. ಕನಸೆಂದು ಆಗಲೇ ಗೊತ್ತಾಗಬೇಕಿತ್ತು.

"ಬಟ್ಟೆ ಹಾಕಿಸಿದ್ರೆ ಬೂಷ್ಟು ಹಿಡಿಯುತ್ತೆ, ಆ ದೋಣಿಗೆ ನಾನು ಕಾಲಿಡಲ್ಲ" ಅಂದೆಯಲ್ಲ, ಆ ಮಾತು ಎರಡು ದಿನದಿಂದ ತಲೆಯಲ್ಲೇ ಸುತ್ತುತ್ತಿದೆ. ನಾನೂ ಕೂಗಾಡಿದೆ, ತಪ್ಪೇ. ನೀನು ಬರದಿದ್ದರೆ ಆ ಮುದಿ ದೋಣಿಯ ರಿಪೇರಿ ಯಾರ ಸುಖಕ್ಕೆ?

ದೋಣಿಯೊಳಗಿನ ಒಲೆಯ ಪಕ್ಕದ ಸೀಟುಗಳಿಗೆ ನಿನ್ನ ರೆಕ್ಸಿನ್ನೇ ಇರಲಿ. ಮಲಗುವ ಜಾಗಕ್ಕೆ ಮಾತ್ರ ನೀಲಿ. ಕಳಚಲು ಬರುವಂತೆ ಜಿಪ್ ಹಾಕಿಸು. ಒಗೆಯುವ ಕೆಲಸ ನನ್ನದು. ಇಗೋ, ಬರೆದೇ ಕೊಟ್ಟಿದ್ದೇನೆ.

ಅವನು ಬರುವ ಮೊದಲು ಒಂದು ಸಲ ದೋಣಿಗೆ ಹೋಗಿ ಆ ನೀಲಿ ತುಂಡಿನ ಮೇಲೆ ಮಲಗಿ ನೋಡು. ಆಮೇಲೂ ಬೇಡವೆನಿಸಿದರೆ ಎಲ್ಲಕ್ಕೂ ರೆಕ್ಸಿನ್ನೇ ಹೇಳು, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ನೀನು ಬಂದರೆ ಸಾಕು. ಹತ್ತುವಾಗ ಕಂಬಿ ಹಿಡಿದುಕೋ, ಎರಡನೇ ಮೆಟ್ಟಿಲು ಅಲ್ಲಾಡುತ್ತದೆ.