ಗೇಟಿನ ಬೀಗದ ಬಗ್ಗೆ ಒಂದು ಮನವಿ

ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ
ನಡುಮನೆಯ ದಿವಾನ್ ಮಂಚದ ಮೇಲಿಂದ

ಕನ್ನಡಕದಂಗಡಿಯ ಯಜಮಾನರೂ ನಮ್ಮ ಮನೆ ಗೇಟಿನ ಏಕಮಾತ್ರ ಅಧಿಕಾರಿಗಳೂ ಆದ ತಮ್ಮ ಸನ್ನಿಧಿಗೆ, ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಿದ್ದಿರುವವಳ ನಮಸ್ಕಾರಗಳು.

ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಯಾಕೆ ಅಂತ ಹುಬ್ಬೇರಿಸಬೇಡಿ. ಎದುರಿಗೆ ಹೇಳಹೊರಟರೆ ನನಗೆ ನಗು ಬರುತ್ತದೆ. ನಗು ಬರದಿದ್ದರೆ ಇನ್ನೇನೋ ಬರುತ್ತದೆ. ಎರಡೂ ಬೇಡ.

ಮೊದಲು ತಪ್ಪೊಪ್ಪಿಗೆ. ನನ್ನ ಫೋನಿನಲ್ಲಿ ಅಮ್ಮ ‘ಹೈಕಮಾಂಡ್’, ಅಜ್ಜಿ ‘ಸಿಸಿಟಿವಿ’. ಅಮ್ಮ ನಿಮ್ಮನ್ನು ಮದುವೆಯಾಗಿ ಆರು ವರ್ಷ. ಅಷ್ಟೂ ದಿನ ನಾನು ನಿಮ್ಮನ್ನು ಏನಂತಲೂ ಕರೆಯದೆ, ಕೆಮ್ಮಿ, ಕುರ್ಚಿ ಎಳೆದು ಸದ್ದು ಮಾಡಿ ಕಾಲ ತಳ್ಳಿದೆ. ಬೆನ್ನ ಹಿಂದೆ ಮಾತ್ರ ನೀವು ‘ಜೈಲರ್’. ರಾತ್ರಿ ಒಂಬತ್ತು ಹೊಡೆದರೆ ಗೇಟಿಗೆ ಬೀಗ ಬೀಳುತ್ತಿತ್ತಲ್ಲ, ಅದಕ್ಕೆ.

ಸ್ಕೂಟರ್ ಉರುಳಿದ ದಿನ ಆಸ್ಪತ್ರೆಯ ನರ್ಸಮ್ಮ ನನ್ನ ಫೋನ್ ಕೈಗೆತ್ತಿಕೊಂಡು ಯಾರಿಗೆ ಹೇಳಬೇಕು ಅಂತ ಕೇಳಿದರು. ಹೈಕಮಾಂಡಿಗೆ, ಇಲ್ಲದಿದ್ದರೆ ಸಿಸಿಟಿವಿಗೆ ಎಂದೆ. ಪೆಟ್ಟು ತಲೆಗೂ ಬಿದ್ದಿದೆ ಎಂದು ಅವರು ಡಾಕ್ಟರನ್ನು ಕೂಗಿದರು. ಹೈಕಮಾಂಡ್ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದರು, ಸಿಸಿಟಿವಿಯ ಫೋನು ಬೀರುವಿನಲ್ಲಿ ಬಡಿದುಕೊಳ್ಳುತ್ತಿತ್ತು. ಉಳಿದವರು ನೀವೊಬ್ಬರು. ಜೈಲರ್ ಅಂತ ಬರೆದಿದೆ, ತಾವೇನಾ ಅಂತ ನರ್ಸಮ್ಮ ಅನುಮಾನದಿಂದಲೇ ಕೇಳಿದರು. ಫೋನು ಸ್ಪೀಕರಿನಲ್ಲಿತ್ತು. ನಾನು ಕಾಲಿನ ನೋವನ್ನೇ ಮರೆತೆ.

“ಹೌದು, ನಾನೇ. ಮಗು ಹೇಗಿದೆ?”

ನರ್ಸಮ್ಮ ಮಂಚದ ಸುತ್ತ ಮಗುವನ್ನು ಹುಡುಕಿದರು.

ನೀವು ಓಡಿಬಂದಾಗ ಕೈಯಲ್ಲಿ ಯಾರದೋ ಒಂದೇ ಗಾಜಿನ ಕನ್ನಡಕ. ಅದರ ಒಡೆಯರು ಅಂಗಡಿಯಲ್ಲಿ ಎರಡು ಗಂಟೆ ಮಂಜುಮಂಜಾಗಿ ಕೂತಿದ್ದರಂತೆ. ಅವರಿಗೂ ನನ್ನ ಕೃತಜ್ಞತೆ ತಿಳಿಸಿ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಉಜ್ಜಿ ಸರಿಮಾಡಿಬಿಡುವವರ ಹಾಗೆ ನೋಡಿದಿರಿ. ಒಂದು ಮಾತು ಬೈಯಲಿಲ್ಲ. ಇಷ್ಟು ವರ್ಷ ನನ್ನ ಕನ್ನಡಕದ ಸ್ಕ್ರೂ ಒಮ್ಮೆಯೂ ಯಾಕೆ ಸಡಿಲವಾಗಲಿಲ್ಲ ಅಂತ ಮಲಗಿದಲ್ಲೇ ಈಗ ಹೊಳೆಯುತ್ತಿದೆ.

ಹೆಸರುಗಳು ಬಯಲಾದ ಮೇಲೆ ಅಮ್ಮ ಅರ್ಧ ದಿನ ಮುಖ ಊದಿಸಿಕೊಂಡು, ಆಮೇಲೆ ಈ ಹುದ್ದೆಗೆ ಸಂಬಳ ಎಷ್ಟು ಅಂತ ವಿಚಾರಿಸಿದರು. ಅಜ್ಜಿ ಬಡ್ತಿ ಸಿಕ್ಕವರಂತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಪಕ್ಕದ ಮನೆಯ ಟೈಲರ್ ಆಂಟಿ ಮಾತ್ರ, ಹೆತ್ತವರಿಗೆ ಇಂಥ ಹೆಸರಾ, ಕಾಲ ಕೆಟ್ಟೋಯ್ತು ಅಂತ ನನ್ನ ಪ್ಲಾಸ್ಟರ್ ನೋಡಿ ಸಮಾಧಾನಪಟ್ಟರು.

ನೀವೋ, ನಾಲ್ಕು ದಿನದಿಂದ ಗೇಟಿಗೆ ಬೀಗವನ್ನೇ ಹಾಕಿಲ್ಲ. ನಾನು ಕಿಟಕಿಯ ಪಕ್ಕ ಮಲಗಿ, ಗಾಳಿಗೆ ಅದು ಕಿರ್ ಅನ್ನುವುದನ್ನು ಕೇಳುತ್ತಿದ್ದೇನೆ. ನೊಂದಿದ್ದೀರಿ. ಅದನ್ನು ತಮಾಷೆಯಲ್ಲಿ ಮುಚ್ಚಿಹಾಕಲು ನನಗೆ ಬರುತ್ತಿಲ್ಲ.

ದಯವಿಟ್ಟು ಇವತ್ತು ಬೀಗ ಹಾಕಿ. ಒಳಗೆ ಎಲ್ಲರೂ ಇದ್ದಾರಾ ಅಂತ ಎಣಿಸಿಯೇ ನೀವು ಹಾಕುತ್ತಿದ್ದಿರಿ. ನನ್ನನ್ನೂ ಎಣಿಸುತ್ತಿದ್ದಿರಿ. ಅದಕ್ಕೆ ತುಂಬಾ ಥ್ಯಾಂಕ್ಸ್.

ಇಂತಿ,
ಇಪ್ಪತ್ತೊಂದು ವರ್ಷದ ಮಗು

ಮರೆತ ಮಾತು: ಸ್ಕೂಟರ್ ಉರುಳಿದ ದಿನ ನಾನು ಹೊರಟಿದ್ದು, ಮನೆಯಲ್ಲಿ ಹೇಳಿದ ಹಾಗೆ ಗೆಳತಿಯ ಮನೆಗಲ್ಲ. ಈ ಮನೆ ಬಿಟ್ಟು ಹಾಸ್ಟೆಲಿಗೆ ಸೇರಲು. ಅಮ್ಮನಿಗೆ ಹೇಳಬೇಡಿ. ಈ ಕಾಗದ ಬರೆದಿರುವುದು ಆ ಹಾಸ್ಟೆಲಿನ ಅರ್ಜಿಯ ಹಿಂಬದಿಯಲ್ಲೇ; ತಿರುಗಿಸಿ ನೋಡಿ. ‘ತಂದೆಯ ಹೆಸರು’ ಎಂಬಲ್ಲಿ ಖಾಲಿ ಬಿಟ್ಟಿದ್ದೆ. ಅರ್ಜಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ. ಆದರೂ ಇವತ್ತು ನಿಮ್ಮ ಹೆಸರು ಬರೆದು ತುಂಬಿದ್ದೇನೆ.