ಲಾಡೂ ಉಂಡ ಮೇಲೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 11
ಪೂಜೆ ಮುಗಿಯಿತು. ಚಪಾತಿಯ ಮೊದಲ ತುತ್ತಿಗೆ ತುಪ್ಪ, ಬೆಲ್ಲ ಸವರಿ ಲಾಡೂಗೆ ಕೊಟ್ಟೆ. ಇಲಿಯಂಥದ್ದು, ಮೊಮ್ಮಗಳು ಪ್ರಾಚಿ ಹ್ಯಾಮ್‌ಸ್ಟರ್ ಅನ್ನುತ್ತಾಳೆ. ವಾಸನೆಗೆ ಎದ್ದು ಬಂತು, ಕೆನ್ನೆಗೆ ತುರುಕಿಕೊಂಡು ಗೂಡಿಗೆ ಹೋಯಿತು. ಆಮೇಲೆ ನಾನು ಉಂಡೆ.
ಊರಲ್ಲಿ ಮೂವತ್ತು ವರ್ಷ ಆಕಳಿಗೆ ಕೊಡದೆ ಉಂಡವಳಲ್ಲ. ಇಲ್ಲಿ ಮಗಳ ಊರು ಧನಕವಡಿ, ಏಳನೇ ಮಹಡಿ. ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಹೊರಗೆ ಹೋದರೆ ನಂಬರ್ ಒತ್ತದೆ ಒಳಗೆ ಬರುವಂತಿಲ್ಲ. ನಂಬರ್ ಕೇಳಿದರೆ ಮಗಳು ಕಸ್ತೂರಿ, "ನಿನಗ ಯಾಕವ್ವ? ಮರಾಠಿ ಬರೂದಿಲ್ಲ, ದಾರಿ ತಪ್ಪತಿ" ಅನ್ನುತ್ತಾಳೆ. ಹದಿನೈದು ದಿನಕ್ಕೆಂದು ದೀಪಾವಳಿಗೆ ಬಂದವಳು...

ಫೆಬ್ರವರಿ 17, ಸೋಮವಾರ
ಲಾಡೂಗೆ ಮೈ ಸರಿಯಿಲ್ಲ. ಹೊಟ್ಟೆ ಊದಿದೆ, ಪಂಜರದ ಚಕ್ರ ಹತ್ತುತ್ತಿಲ್ಲ. ಕಸ್ತೂರಿ ಡಾಕ್ಟರ್ ಹತ್ತಿರ ಒಯ್ದಳು. ಸಿಹಿ ಹಾಕಿದ್ದೀರಾ ಅಂತ ಕೇಳಿದರಂತೆ.
"ಛೇ, ನಮ್ಮ ಮನ್ಯಾಗ ಯಾರೂ ಹಾಕಂಗಿಲ್ಲ ಅಂತ ಹೇಳಿ ಬಂದೆ" ಅಂದಳು.
ಕುಕ್ಕರ್ ತಿಕ್ಕುತ್ತ ನಿಂತೆ.
ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದಾಳೆ. ಕಾಳು, ಪೆಲೆಟ್ ಅನ್ನುವ ಮೇವಿನ ಗುಳಿಗೆ ಸೇರಿ ದಿನಕ್ಕೆ ಒಂದೂವರೆ ಚಮಚ. ಸೌತೆಕಾಯಿ ಉಗುರಷ್ಟು. ಕುಂಬಳ ಬೀಜ ವಾರಕ್ಕೆರಡು — ಅದೇ ಅದರ ಹಬ್ಬ. ಬೆಲ್ಲ, ತುಪ್ಪ, ಚಪಾತಿ ಬೇಡವೇ ಬೇಡ.

ಫೆಬ್ರವರಿ 18, ಮಂಗಳವಾರ
ಲಾಡೂನ ಮೇವಿನ ಅಂಗಡಿ ಪ್ಯಾಕೆಟ್ಟನ್ನು ಮೊರಕ್ಕೆ ಸುರಿದೆ. ಕೆಂಪು, ಹಸಿರು ಬಣ್ಣದ ಚೂರು ಆರಿಸಿ ಎಸೆದೆ. ಉಳಿದದ್ದು ನವಣೆ, ಸಜ್ಜೆ, ಕುಸುಬಿ. ನಮ್ಮ ಹೊಲದ ಕಾಳೇ! ಸೂರ್ಯಕಾಂತಿ ಎರಡೇ ಇಟ್ಟೆ, ಎಣ್ಣೆ ಜಾಸ್ತಿ.
ಹನ್ನೊಂದಕ್ಕೆ ಹಾಕಿದೆ. ಏಳಲಿಲ್ಲ. ಬೆಲ್ಲದ ವಾಸನೆ ಇಲ್ಲವಲ್ಲ. ಅದು ಉಣ್ಣದೆ ನಾನು ಹೇಗೆ ಉಣ್ಣಲಿ? ಪ್ರಾಚಿ ಶಾಲೆಯಿಂದ ಬಂದು ನಕ್ಕಳು. "ಅಜ್ಜಿ, ಅದು ಹಗಲೆಲ್ಲಾ ಮಲಗತದ, ಸಂಜೀಕ ಏಳತದ. ಇಷ್ಟೂ ಮಾಹೀತ್ ಇಲ್ಲ ನಿನಗ?"
ಏಳೂವರೆಗೆ ಎದ್ದು ಒಂದು ನವಣೆ ಕಡಿಯಿತು. ಆಮೇಲೆ ಉಂಡೆ. ಅನ್ನ ತಣ್ಣಗಾಗಿತ್ತು.

ಫೆಬ್ರವರಿ 19, ಬುಧವಾರ
ಮತ್ತೆ ಸಂಜೆಯವರೆಗೆ ಕಾದೆ. ಕಸ್ತೂರಿ ಕೇಳಿದರೆ ಒಪ್ಪತ್ತು ಅಂದೆ.
"ನಿನ್ನೆ ಮಂಗಳವಾರದ ಒಪ್ಪತ್ತು, ಇವತ್ತ ಬುಧವಾರದ್ದು. ನಿನ್ನ ದೇವರಿಗೆ ಒಂದ ದಿನಾನೂ ಸೂಟಿ ಇಲ್ಲೇನವ್ವ?" ಅಂದಳು ಕಸ್ತೂರಿ.

ಫೆಬ್ರವರಿ 20, ಗುರುವಾರ
ಪಂಜರ ತೊಳೆದೆ. ಪ್ರಾಚಿ ಮೇಲಿನ ಮರದ ಹೊಟ್ಟಷ್ಟೇ ಬದಲಿಸುತ್ತಿದ್ದಳು. ನಾನು ಗೂಡನ್ನೇ ಎತ್ತಿದೆ. ಅಡಿಯಲ್ಲಿ ನನ್ನ ತುತ್ತುಗಳು. ಒಣಗಿ, ಬೂಷ್ಟು ಹಿಡಿದು, ಒಂದಕ್ಕೊಂದು ಅಂಟಿ. ಒಂದಿಷ್ಟು ಯಾವಾಗಲೋ ತಿಂದಿದೆ, ಉಳಿದದ್ದೆಲ್ಲ ಇಲ್ಲೇ. ಅಂದರೆ ಅದು ಉಣ್ಣುವ ಮೊದಲೇ ನಾನು ಉಂಡಿದ್ದೇನೆ. ದಿನವೂ. ಮೂರು ತಿಂಗಳು. ದೇವರೇ.
ಕಸ್ತೂರಿಗೆ ಎಲ್ಲ ಹೇಳಿದೆ.
"ಲಾಡೂಗ ಆರಾಮಿಲ್ಲಂತ ಹುಡುಗಿ ಅತ್ತು ಅತ್ತು ಮಲಗತಾಳ, ನೀ ಸುಮ್ಮ ಕುಂತಿದ್ದಿ?"
"ಆಕಳಾ ಎಲ್ಲಿಂದ ತರಲಿ? ನೀ ಬಾಗಲಾ ಹಾಕ್ಕೊಂಡ ಹೋಗತಿ."
ಕಸ್ತೂರಿ ನನ್ನ ಅಂಗೈ ಹಿಡಿದು ಪೆನ್ನಿನಿಂದ ನಾಲ್ಕು ಅಂಕಿ ಬರೆದಳು. "ಗುಡಿ ಮುಂದ ಒಬ್ಬಾಕಿ ಆಕಳಾ ಕಟಗೊಂಡ ಕೂಡತಾಳ, ಹನ್ನೊಂದರ ತನಕಾ. ಎಡಕ್ಕ ತಿರುಗಿ ಸೀದಾ ಹೋಗು. ನಂಬರ್ ಅಳಿಸೀತು, ಭಾಂಡೆ ನಾ ತಿಕ್ಕತೀನಿ."

ಫೆಬ್ರವರಿ 21, ಶುಕ್ರವಾರ. 10:30
ಚಪಾತಿ ಸೆರಗಿನಲ್ಲಿ ಕಟ್ಟಿಕೊಂಡೆ. ಅಂಕಿ ಇನ್ನೂ ಇದೆ. ಬಾಗಿಲು ತೆರೆದೆ. ಹಿಂದೆ ಸದ್ದು. ಲಾಡೂ! ಹಗಲಲ್ಲೇ ಎದ್ದು, ಕಂಬಿಗೆ ಎರಡೂ ಕೈ ಹಚ್ಚಿ ನಿಂತಿದೆ. ನಿನ್ನೆಯ ಕಾಳು ಹಾಕಿದ ಹಾಗೇ ಇದೆ. ಒಂದು ಕುಂಬಳ ಬೀಜ ಕೊಟ್ಟೆ. ತೆಗೆದುಕೊಂಡಿತು. ತಿಂದಿತೋ, ಇಟ್ಟುಕೊಂಡಿತೋ?
ಸ್ಟೂಲ್ ಎಳೆದು ಕೂತೆ. ಚಪ್ಪಲಿ ಅಡ್ಡ ಇಟ್ಟ ಬಾಗಿಲು ಪೀಂ ಪೀಂ ಅನ್ನುತ್ತಿದೆ. ಹತ್ತು ಐವತ್ತು. ಹನ್ನೊಂದಕ್ಕೆ ಆಕಳು ಹೋಗಿಬಿಡುತ್ತದೆ. ಕೆನ್ನೆ ಇನ್ನೂ ಉಬ್ಬಿಯೇ ಇದೆ. ಅದು ನುಂಗಲಿ, ಆಮೇಲೆ—